ಬಿಟ್ಟ ಜಾಗಗಳಲ್ಲಿ ಹುಟ್ಟಿದ ಹಾಡು

ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಹಾಡು ಬಂದರೆ ಸಾಕು, ನೋಟ್‌ಪುಸ್ತಕ ತೆರೆದು ಗೀಚಲು ಕೂರುತ್ತಿದ್ದೆ. ಪಲ್ಲವಿ ಮತ್ತೆ ಮತ್ತೆ ಬರುವುದರಿಂದ ಪೂರ್ತಿ ದಕ್ಕುತ್ತಿತ್ತು. ಚರಣ ಮಾತ್ರ ಪೆನ್ಸಿಲಿಗಿಂತ ವೇಗವಾಗಿ ಓಡಿಬಿಡುತ್ತಿತ್ತು. ತಪ್ಪಿಹೋದ ಜಾಗದಲ್ಲಿ ಗೆರೆ ಎಳೆದು ಬಿಡುತ್ತಿದ್ದೆ. ಆದರೆ ಗೆರೆಯನ್ನು ಹಾಡಲು ಬರುವುದಿಲ್ಲವಲ್ಲ! ರಾಗಕ್ಕೆ ಹೊಂದುವಂತೆ ನನ್ನದೇ ಮಾತು ಸೇರಿಸಿಕೊಂಡು ಹಾಡುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ನಿಜವಾದ ಸಾಲು ಕಿವಿಗೆ ಬಿದ್ದಾಗ, ಯಾರೋ ನನ್ನ ಹಾಡನ್ನು ತಿದ್ದಿದ್ದಾರೆಂದು ಮುನಿಸೂ ಬರುತ್ತಿತ್ತು.

ದೊಡ್ಡವನಾದ ಮೇಲೆ ಸ್ವಂತ ಹಾಡು ಬರೆಯಲು ಹೊರಟು, ಮೊದಲು ಕವಿತೆ ಬರೆದು ಆಮೇಲೆ ರಾಗ ಹುಡುಕಿದೆ. ಒಂದೂ ಏಳಲಿಲ್ಲ. ಹಾರ್ಮೋನಿಯಂ ನುಡಿಸುವ ಗೆಳೆಯನೊಬ್ಬ, ‘ರಾಗ ನಾನು ಕೊಡುತ್ತೇನೆ, ಅದಕ್ಕೆ ಮಾತು ಕೂರಿಸು’ ಎಂದ. ಅವನು ಕೊಟ್ಟ ರಾಗ ಮಿಶ್ರ ಚಾಪು ತಾಳದ್ದು: ಮೂರು, ನಾಲ್ಕು ಎಂದು ಒಡೆಯುವ ಏಳು ಮಾತ್ರೆಯ ನಡೆ. ಬೆರಳೆಣಿಸುತ್ತಾ ಎರಡು ಸಾಲು ಕೂರಿಸಿದೆ:

ಕಿಟಕಿ ತೆರೆದಿದೆ
ಮಳೆಯ ಸುಳಿವಿದೆ

ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ; ದೀರ್ಘಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. ಹಾಗೆ ಎಣಿಸಿದರೆ ಮೂರಕ್ಕೆ ಮೂರು, ನಾಲ್ಕಕ್ಕೆ ನಾಲ್ಕು. ಅದೇ ಹುರುಪಿನಲ್ಲಿ ಮೂರನೆಯದು: ‘ಬಳೆಯ ಸದ್ದಿದೆ’. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಈ ಸಾಲಿನಲ್ಲಿ ರಾಗ ಮೊದಲ ಸ್ವರದ ಮೇಲೆ ಎರಡು ಮಾತ್ರೆ ನಿಲ್ಲುತ್ತಿತ್ತು. ಗೆಳೆಯ ಹಾಡಿದ: ‘ಬಾಳೆಯ ಸದ್ದಿದೆ’. ಕೇಳುತ್ತಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಬಾಳೆಗೆಲ್ಲಿಯ ಸದ್ದು?

ಮಾತ್ರೆ ಎಣಿಸಿದರೆ ಸಾಲದು, ಸ್ವರ ಎಲ್ಲಿ ನಿಲ್ಲುತ್ತದೋ ಅಲ್ಲಿ ದೀರ್ಘಾಕ್ಷರ ಬೇಕು ಎಂಬುದು ಆ ದಿನ ತಲೆಗೆ ಹೋಯಿತು. ನಮ್ಮ ಭಾಷೆಯಲ್ಲಿ ಹ್ರಸ್ವವನ್ನು ಎಳೆದರೆ ಅರ್ಥವೇ ಬದಲಾಗುತ್ತದೆ. ಮರ ಮಾರನಾಗುತ್ತಾನೆ, ನಡು ನಾಡಾಗುತ್ತದೆ. ಬಳೆಯನ್ನು ಬಿಟ್ಟು ‘ಯಾರ ದನಿಯಿದು’ ಎಂದು ಬರೆದೆ. ‘ಯಾ’ ಎರಡು ಮಾತ್ರೆ ನಿರಾಳವಾಗಿ ನಿಂತಿತು. ಜೊತೆಗೆ ಹಾಡಿಗೊಂದು ಪ್ರಶ್ನೆಯೂ ಸಿಕ್ಕಿತು, ಉಳಿದ ಚರಣ ಅದರ ಹಿಂದೆಯೇ ಬಂತು.

ಪ್ರಾಸದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕನ್ನಡದಲ್ಲಿ ವಾಕ್ಯದ ಕೊನೆಗೆ ಕ್ರಿಯಾಪದ, ನಾಮಪದದ ಬಾಲಕ್ಕೆ ವಿಭಕ್ತಿ; ಹಾಗಾಗಿ ಅಂತ್ಯಪ್ರಾಸ ಪುಕ್ಕಟೆಯಾಗಿ ಸಿಗುತ್ತದೆ. ಮನದಲ್ಲಿ, ವನದಲ್ಲಿ, ಕ್ಷಣದಲ್ಲಿ ಎಂದು ಪುಟ ತುಂಬಿಸಬಹುದು. ನನ್ನ ಮೊದಲ ನೋಟ್‌ಪುಸ್ತಕದ ತುಂಬ ಇದ್ದದ್ದು ಅದೇ. (ಮೇಲಿನ ‘ಇದೆ, ಇದೆ’ಯೂ ಅದೇ ಜಾತಿಯದು, ಒಪ್ಪಿಕೊಳ್ಳುತ್ತೇನೆ.) ಈಗ ಹಳಗನ್ನಡದ ಕವಿಗಳಂತೆ ಸಾಲಿನ ಎರಡನೆಯ ಅಕ್ಷರದಲ್ಲಿ ಆಗಾಗ ಪ್ರಾಸ ಇಡುತ್ತೇನೆ. ಕೇಳುಗರು ಅದನ್ನು ಗುರುತಿಸುವುದಿಲ್ಲ, ಆದರೂ ಹಾಡು ನಾಲಿಗೆಗೆ ಅಂಟಿಕೊಳ್ಳುತ್ತದೆ.

ಈಗ ರಾಗ ಹೊಳೆದ ಕೂಡಲೇ ಮೊಬೈಲ್‌ನಲ್ಲಿ ಗುನುಗಿ ಇಟ್ಟುಕೊಳ್ಳುತ್ತೇನೆ. ಮಾತು ಹೊಳೆಯದ ಕಡೆ ‘ತಾನನ’ ಎಂದೇ ಬರೆದುಕೊಳ್ಳುತ್ತೇನೆ. ನಾಲ್ಕು ಮಾತ್ರೆ, ಮೊದಲನೆಯದು ದೀರ್ಘ ಎಂಬ ಗುರುತೂ ಅದರಲ್ಲೇ ಇರುತ್ತದೆ. ಎರಡು ವಾರದಿಂದ ಒಂದು ಚರಣ ಮೇಜಿನ ಮೇಲಿದೆ. ಮೂರು ಸಾಲು ಮುಗಿದಿವೆ. ನಾಲ್ಕನೆಯದರಲ್ಲಿ ಇನ್ನೂ ತಾನನ.