ಕರೆಂಟ್ ಹೋಗಿ ಬಂದಾಗಷ್ಟೇ ಕೈಕೊಡುತ್ತಿದ್ದ ಪ್ರಿಂಟರ್

ಲಗ್ನಪತ್ರಿಕೆ ಸೀಸನ್ನಿನಲ್ಲಿ ಪ್ರೂಫ್ ತೆಗೆಯುವ ಪ್ರಿಂಟರ್ ನಿಂತರೆ ಪ್ರೆಸ್ಸೇ ನಿಂತಂತೆ. ಹುಡುಗಿ ಮನೆಯವರು ಎದುರಿಗೇ ಕುಂತಿರುತ್ತಾರೆ, ಹಿರಿಯರ ಹೆಸರುಗಳನ್ನು ಕಾಗದದ ಮೇಲೆ ಓದಿ ನೋಡದೆ ಒಪ್ಪುವುದಿಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನ ಒಂದು ಪ್ರೆಸ್ಸಿನಲ್ಲಿ ಐದು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್ ನೋಡಿಕೊಳ್ಳುವುದು ನನ್ನ ಕೆಲಸ.

ಪ್ರಿಂಟ್ ಕೊಟ್ಟರೆ ಒಮ್ಮೆ ಬರುತ್ತಿತ್ತು, ಒಮ್ಮೆ ಇಲ್ಲ. ಕೇಬಲ್ ಬದಲಿಸಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದೆ. ಎರಡು ದಿನ ಹೋಯಿತು. ದಾರಿ ತೋರಿಸಿದ್ದು ಡಿಟಿಪಿ ಮಾಡುವ ಅಕ್ಕಾರು: “ಸರ, ಕರೆಂಟ್ ಹೋಗಿ ಬಂದ ಮ್ಯಾಲೆ ಹಿಂಗ ಆಗತೈತ್ರಿ, ಮುಂಜಾನೆ ಛಲೋ ಇರತೈತಿ.”

ಆ ಮಾತು ಕೇಳಿದ ಮೇಲೆ ಐಪಿ ವಿಳಾಸದ ಕಡೆ, ಅಂದರೆ ನೆಟ್‌ವರ್ಕಿನಲ್ಲಿ ಒಂದೊಂದು ಯಂತ್ರಕ್ಕೂ ಇರುವ ಸಂಖ್ಯೆಯ ಕಡೆ ಗಮನ ಹೋಯಿತು. ಎರಡು ಕಂಪ್ಯೂಟರ್‌ಗಳಿಗೆ ಒಂದೇ ಐಪಿ ಬಿದ್ದರೆ ವಿಂಡೋಸ್ ತಾನೇ ತೆರೆಯ ಮೇಲೆ ಹೇಳುತ್ತದೆ. ಈ ಹಳೆಯ ಪ್ರಿಂಟರ್ ಏನೂ ಹೇಳಲಿಲ್ಲ. ಅದಕ್ಕೆ ಯಾರೋ ಹಿಂದೆ ಕೈಯಿಂದ 192.168.1.20 ಹಾಕಿದ್ದರು, ಮುಂದೆ ಬರೀ 20 ಎನ್ನುತ್ತೇನೆ. ನಾನು ಪ್ರಿಂಟರಿನ ಸ್ವಿಚ್ಚನ್ನೇ ಆರಿಸಿ, ಕಂಪ್ಯೂಟರಿನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ನೋಡಿದೆ. ಉತ್ತರ ಬಂತು! ಆರಿಸಿಟ್ಟ ಯಂತ್ರ ಉತ್ತರ ಕೊಡುವುದಿಲ್ಲ, ಅಂದರೆ ಅಲ್ಲಿ ಇನ್ನೊಬ್ಬರು ಕುಂತಿದ್ದಾರೆ.

ಕೂಡಲೇ ಎಆರ್‌ಪಿ ಪಟ್ಟಿ ತೆಗೆದೆ, ಯಾವ ಐಪಿ ಯಾವ ಯಂತ್ರದ್ದೆಂದು ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ಪಟ್ಟಿ ಅದು. 20ರ ಎದುರಿಗಿದ್ದ ಮ್ಯಾಕ್ ವಿಳಾಸ (ಯಂತ್ರದ ನೆಟ್‌ವರ್ಕ್ ಗುರುತಿನ ಸಂಖ್ಯೆ) ಪ್ರಿಂಟರಿನ ಚೀಟಿಯ ಮೇಲಿನದಲ್ಲ. ಮ್ಯಾಕ್‌ನ ಮೊದಲ ಆರು ಅಕ್ಷರಗಳಿಂದ ತಯಾರಕರು ಯಾರೆಂದು ಸಾಮಾನ್ಯವಾಗಿ ತಿಳಿಯುತ್ತದೆ, ಇಲ್ಲಿ ತಿಳಿಯಲಿಲ್ಲ. ಆದರೆ ಎರಡನೆಯ ಅಕ್ಷರ ‘ಎ’ ಇತ್ತು. ಆ ಜಾಗದಲ್ಲಿ 2, 6, ಎ (A), ಇ (E) ಇವುಗಳಲ್ಲಿ ಒಂದಿದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟ ವಿಳಾಸವಲ್ಲ. ಈಗಿನ ಮೊಬೈಲ್‌ಗಳು ವೈಫೈಗೆ ಸೇರುವಾಗ ತಾವೇ ಹುಟ್ಟಿಸಿಕೊಳ್ಳುವಂಥದ್ದು. ರೌಟರಿನ ಪಟ್ಟಿಯಲ್ಲಿ ನೋಡಿದರೆ ಬೈಂಡಿಂಗ್ ಹುಡುಗನ ಫೋನು.

ಅವನದೇನೂ ತಪ್ಪಿಲ್ಲ. ರೌಟರು, ಕಂಪ್ಯೂಟರುಗಳು ಯುಪಿಎಸ್ ಮೇಲಿವೆ. ಲೇಸರ್ ಪ್ರಿಂಟರ್ ಭಾರ ಎಳೆಯುತ್ತದೆಂದು ಅದನ್ನು ಹೊರಗಿಟ್ಟಿದ್ದೇವೆ. ಕರೆಂಟ್ ಹೋದಾಗ ಪ್ರಿಂಟರ್ ಆರುತ್ತದೆ, ರೌಟರಿನ ಕಣ್ಣಿಗೆ 20 ಖಾಲಿ. ರೌಟರ್ 2ರಿಂದ 254ರವರೆಗೆ ಎಲ್ಲವನ್ನೂ ಹಂಚುತ್ತಿತ್ತು, ಫೋನಿಗೆ ಅದನ್ನೇ ಕೊಟ್ಟಿತು. ಕರೆಂಟ್ ಬಂದೊಡನೆ ಪ್ರಿಂಟರ್ ಯಾರನ್ನೂ ಕೇಳದೆ ಅದೇ ಸೀಟಿಗೆ ಬಂದು ಕೂತಿತು. ಟವೆಲ್ ಹಾಕಿದವರೊಬ್ಬರು, ಕಂಡಕ್ಟರ್ ಕೂರಿಸಿದವರೊಬ್ಬರು.

ಕಂಪ್ಯೂಟರಿನಲ್ಲಿ ರಿಲೀಸ್, ರಿನ್ಯೂ (ಇದ್ದ ವಿಳಾಸ ಬಿಟ್ಟು ಮತ್ತೆ ಕೇಳುವ ಆಜ್ಞೆಗಳು) ಕೊಟ್ಟರೆ ಇದು ಹೋಗುವುದಿಲ್ಲ. ರೌಟರಿನ ಡಿಎಚ್‌ಸಿಪಿಯಲ್ಲಿ (ವಿಳಾಸ ತಾನಾಗಿ ಕೊಡುವ ವ್ಯವಸ್ಥೆ) ಹಂಚುವ ವಿಳಾಸಗಳನ್ನು 100ರಿಂದ 199ಕ್ಕೆ ಸೀಮಿತಗೊಳಿಸಿದೆ. ರೌಟರ್ ಆರಿಸಿ ಹಚ್ಚಿದೆ, ಫೋನುಗಳೆಲ್ಲ ಹೊಸ ವಿಳಾಸ ಪಡೆದವು. ಪ್ರಿಂಟರ್ 20ರಲ್ಲೇ ಉಳಿಯಿತು, ಹೀಗಾಗಿ ಐದೂ ಕಂಪ್ಯೂಟರಿನಲ್ಲಿ ಪ್ರಿಂಟರಿನ ಪೋರ್ಟ್ (ಪ್ರಿಂಟ್ ಯಾವ ವಿಳಾಸಕ್ಕೆ ಹೋಗಬೇಕೆಂಬ ಸೆಟ್ಟಿಂಗ್) ಬದಲಿಸುವುದು ತಪ್ಪಿತು. ಮ್ಯಾಕ್ ನೋಡಿ ರೌಟರಿನಲ್ಲೇ ವಿಳಾಸ ಕಾಯ್ದಿರಿಸಬಹುದು, ಅದೂ ಒಳ್ಳೆಯ ದಾರಿಯೇ. ಆದರೆ ರೌಟರ್ ಸುಟ್ಟು ಹೊಸದು ತಂದ ದಿನ ಆ ಪಟ್ಟಿಯೂ ಹೋಗುತ್ತದೆ, ಅದಕ್ಕೇ ನಾನು ಕೈಯಿಂದ ಹಾಕಿದ್ದನ್ನೇ ಉಳಿಸಿಕೊಂಡೆ.

ಯಾವ ಯಂತ್ರಕ್ಕೆ ಯಾವ ಸಂಖ್ಯೆ ಎಂದು ಬರೆದ ಹಾಳೆಯನ್ನು ಸ್ವಿಚ್ ಪೆಟ್ಟಿಗೆಯ ಪಕ್ಕ ಅಂಟಿಸಿದ್ದೇನೆ. ಮೊನ್ನೆ ಸಿಸಿಟಿವಿ ಹಾಕಲು ಬಂದವರು ಕ್ಯಾಮೆರಾ ದೃಶ್ಯ ಕೂಡಿಡುವ ಡಿವಿಆರ್‌ಗೆ 20 ಕೊಡಲು ಹೊರಟಾಗ, ಅಕ್ಕಾರೇ ಹಾಳೆ ತೋರಿಸಿ 22 ಹಾಕಿಸಿದರು.