ಕುಂಡ ಬದಲಿಸಿದ ಮೇಲೆ ಬೋನ್ಸಾಯ್ ಕಾಂಡದಲ್ಲಿ ಕಲೆ ಕಂಡರೆ

ಹೊಸ ಕುಂಡಕ್ಕೆ ಹಾಕಿ ಒಂದೆರಡು ವಾರ ಆಗಿರುತ್ತದೆ, ಕಾಂಡದ ಮೇಲೆ ಏನೋ ಕಲೆ. ಕಿತ್ತು ಬೇರು ನೋಡಿಬಿಡೋಣ ಅನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಕುಂಡ ಬದಲಿಸುವಾಗ ಕತ್ತರಿಸಿದ ಬೇರುಗಳು ಈಗಷ್ಟೇ ಹೊಸ ಎಳೆ ಬಿಡುತ್ತಿರುತ್ತವೆ. ಅವು ಮುರಿದರೆ ಇಲ್ಲದ ಕಾಯಿಲೆಯನ್ನು ನಾವೇ ತಂದಿಟ್ಟ ಹಾಗೆ.

ನಾನು ಬಣ್ಣಕ್ಕಿಂತ ಮೊದಲು ಜಾಗ ನೋಡುತ್ತೇನೆ. ಬುಡದ ಸುತ್ತ ಬೆರಳಗಲದ ಪಟ್ಟಿ, ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಇದ್ದರೆ ಅದು ಹಳೆಯ ಮಣ್ಣಿನ ಗೆರೆ. ಇಷ್ಟು ದಿನ ಒಳಗಿದ್ದ ತೊಗಟೆ ಹೊರಗೆ ಬಂದಿದೆ. ವಾಚ್ ಬಿಚ್ಚಿದ ಮಣಿಕಟ್ಟಿನ ಹಾಗೆ, ಅಷ್ಟೇ. ಗಾಳಿ, ಬೆಳಕು ತಾಗಿ ಕೆಲವು ತಿಂಗಳಲ್ಲಿ ತಾನೇ ಹೊಂದಿಕೊಳ್ಳುತ್ತದೆ.

ಬೇರೆ ಥರದ ಕಲೆಯಾದರೆ ಹಳೇ ಟೂತ್‌ಬ್ರಷ್ ಒದ್ದೆ ಮಾಡಿ ಮೆಲ್ಲಗೆ ಉಜ್ಜಿ. ಬಿಳಿ ಕಲೆ ನೀರು ತಾಗಿದಾಗ ಮಾಯವಾಗಿ, ಒಣಗಿದ ಮೇಲೆ ಮತ್ತೆ ಕಂಡರೆ ಅದು ಗಡಸು ನೀರಿನ ಸುಣ್ಣ. ನೀರು ಬೆರೆಸಿದ ವಿನೆಗರ್ ಹಚ್ಚಿ, ಉಜ್ಜಿ, ತೊಳೆದುಬಿಡಿ. ಮಣ್ಣಿಗೆ ಇಳಿಯದಂತೆ ಬುಡಕ್ಕೆ ಬಟ್ಟೆ ಸುತ್ತಿಕೊಳ್ಳಿ. ಹಸಿರು ಬಂದರೆ ಪಾಚಿ. ಬುಡ ಸದಾ ಒದ್ದೆ ಇದೆ ಅಂತ ಅರ್ಥ. ಕಪ್ಪು ಮಸಿಯ ಹಾಗೆ ಒರೆಸಿದರೆ ಬರುತ್ತಿದ್ದರೆ ಮೇಲಿನ ಎಲೆಗಳ ಅಡಿ ನೋಡಿ, ತೊಗಟೆಗೆ ಚಿಪ್ಪಿನ ಹಾಗೆ ಅಂಟಿಕೊಳ್ಳುವ ಶಲ್ಕ ಕೀಟವೋ ಗಿಡಹೇನೋ ಅಂಟು ಸುರಿಸುತ್ತಿರುತ್ತದೆ, ಆ ಅಂಟಿನ ಮೇಲೆ ಬೆಳೆದ ಬೂಷ್ಟೇ ಈ ಮಸಿ. ಹತ್ತಿಯಂಥ ಬಿಳಿ ಗುಡ್ಡೆ ಸಂದಿಗಳಲ್ಲಿದ್ದರೆ ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಮುಟ್ಟಿಸಿದರೆ ಸಾಯುತ್ತದೆ. ಫೈಕಸ್ (ಆಲ, ಅತ್ತಿಯ ಜಾತಿ) ತೊಗಟೆಯ ತಿಳಿ ಚುಕ್ಕಿಗಳು ಮಾತ್ರ ರೋಗವಲ್ಲ. ಗಿಡ ಉಸಿರಾಡುವ ರಂಧ್ರಗಳವು, ಸುಮ್ನೆ ಕೆರೆಯಬೇಡಿ.

ಉಜ್ಜಿದರೂ ಹೋಗದ ಕಲೆಯೇ ನಿಜವಾದ ತಲೆನೋವು. ಹೆಬ್ಬೆರಳಿನಿಂದ ಒತ್ತಿ. ಪಕ್ಕದ ತೊಗಟೆಯಷ್ಟೇ ಗಟ್ಟಿ ಇದ್ದರೆ ಕಾಯಬಹುದು. ಮೆತ್ತಗಿದ್ದರೆ, ಒಳಗೆ ತಗ್ಗಿದರೆ, ಹುಳಿ ವಾಸನೆ ಬಂದರೆ ಕೊಳೆತ ಶುರುವಾಗಿದೆ. ಅನುಮಾನ ಉಳಿದರೆ ಕಲೆಯ ಅಂಚಿನಲ್ಲಿ, ಮಧ್ಯದಲ್ಲಲ್ಲ, ಉಗುರಿನಿಂದ ಅಕ್ಕಿಕಾಳಿನಷ್ಟು ಮೇಲ್ಪದರ ಕೆರೆಯಿರಿ. ಒಳಗೆ ಹಸಿ ಹಸಿರು ಕಂಡರೆ ಜೀವವಿದೆ. ಕೆಲವು ಮರಗಳಲ್ಲಿ ಹಸಿರಿನ ಬದಲು ಬಿಳಿಚಿದ ಹಸಿ ಪದರ ಇರುತ್ತದೆ, ಅದೂ ಸರಿಯೇ. ಕಂದು ಬಣ್ಣ, ಒಣಕಲು ಅಥವಾ ಲೋಳೆ ಇದ್ದರೆ ಆ ಭಾಗ ಸತ್ತಿದೆ. ಒಂದೇ ಮಗ್ಗುಲು, ಅದೂ ಬಿಸಿಲಿನ ಕಡೆ, ಒಣಗಿ ಬಿರಿದಿದ್ದರೆ ಬಿಸಿಲಿಗೆ ಸುಟ್ಟಿದ್ದು, ನೆರಳಿಗೆ ಸರಿಸಿ.

ಕೊಳೆತವಾದರೆ ಮೇಲಿನ ಮಣ್ಣನ್ನು ಬುಡದಿಂದ ಬಿಡಿಸಿ ತೊಗಟೆಗೆ ಗಾಳಿ ಕೊಡಿ. ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಗಟ್ಟಿ, ಶುಭ್ರ ಅಂಚು ಸಿಗುವವರೆಗೆ ಕೆತ್ತಿ, ಒಣಗಲು ಬಿಡಿ. ಮರದ ಕಡ್ಡಿ ಚುಚ್ಚಿ ಮಣ್ಣಿನ ತೇವ ನೋಡಿಯೇ ನೀರು ಹಾಕಿ. ಗೊಬ್ಬರದ ಮಾತು ಸದ್ಯಕ್ಕೆ ಬೇಡ. ಜೇಡ್ ಥರದ ದಪ್ಪೆಲೆ ಗಿಡದ ಕಾಂಡ ಸುತ್ತಲೂ ಮೆತ್ತಗಾಗಿದ್ದರೆ ಬುಡದ ಆಸೆ ಬಿಟ್ಟು, ಮೇಲಿನ ಗಟ್ಟಿ ಕೊಂಬೆ ಕತ್ತರಿಸಿ, ಗಾಯ ಒಣಗಿದ ಮೇಲೆ ನೆಡುವುದೇ ಜಾಣತನ.

ಗಟ್ಟಿಯಾಗಿದ್ದೂ ಅನುಮಾನ ಹೋಗದ ಕಲೆಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಒಂದು ಫೋಟೋ ತೆಗೆದಿಡಿ. ವಾರದ ನಂತರ ಕಲೆ ಗೆರೆ ದಾಟಿದ್ದರೆ ಮಾತ್ರ ಚಾಕು ತೆಗೆಯಿರಿ.