ವಿಳಾಸದಿಂದ ಸೆನ್ಸಸ್ ಟ್ರ್ಯಾಕ್ಟ್‌ಗೆ: ನನ್ನ ಅನುಭವ

ಅಮೆರಿಕದಲ್ಲಿ ಒಂದು ಬಡಾವಣೆಯ ಅಂಕಿಅಂಶ ಬೇಕೆಂದರೆ ನಾನು ಜಿಪ್ ಕೋಡ್ ನೆಚ್ಚಿಕೊಳ್ಳುವುದಿಲ್ಲ. ಅದು ಇರುವುದು ಟಪಾಲು ಹಂಚುವುದಕ್ಕೆ. ಸೆನ್ಸಸ್ ಟ್ರ್ಯಾಕ್ಟ್, ಅಂದರೆ ಜನಗಣತಿಯ ಅಂಕಿಅಂಶಕ್ಕಾಗಿ ಗುರುತಿಸಿದ ಸಣ್ಣ ಪ್ರದೇಶ, ಹಾಗಲ್ಲ: 1,200ರಿಂದ 8,000 ಜನ, ಆದಷ್ಟು 4,000ದ ಆಸುಪಾಸು, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಗಡಿ ದಾಟುವುದಿಲ್ಲ.

ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋದ ಜಿಯೋಕೋಡರ್‌ನಲ್ಲಿ (ವಿಳಾಸ ಕೊಟ್ಟರೆ ಜಾಗ ಗುರುತಿಸುವ ವೆಬ್ ಸಾಧನ) 'ಫೈಂಡ್ ಜಿಯಾಗ್ರಫೀಸ್' ಕಡೆ ಹೋಗಿ ಮನೆ ನಂಬರು, ರಸ್ತೆ, ಊರು, ರಾಜ್ಯ ತುಂಬುತ್ತೇನೆ. ಪಕ್ಕದ 'ಫೈಂಡ್ ಲೊಕೇಶನ್ಸ್' ಅಕ್ಷಾಂಶ ರೇಖಾಂಶ ಕೊಟ್ಟು ಸುಮ್ಮನಾಗುತ್ತದೆ, ಟ್ರ್ಯಾಕ್ಟ್ ಹೇಳುವುದಿಲ್ಲ. ಪಿ.ಒ. ಬಾಕ್ಸ್ ಹಾಕಿದರೆ ಏನೂ ಸಿಗದು. ಹೊಸ ಲೇಔಟಿನ ರಸ್ತೆ ಸಿಗದಿದ್ದಾಗ ನಕ್ಷೆಯಿಂದ ಬಿಂದು ಎತ್ತಿ ಹಾಕುತ್ತೇನೆ. ಎಕ್ಸ್ ಅಂದರೆ ರೇಖಾಂಶ, ಅದರ ಮುಂದೆ ಮೈನಸ್ ಇರಲೇಬೇಕು. ವಿಳಾಸಗಳು ರಾಶಿ ಇದ್ದರೆ ಒಂದು ಸಿಎಸ್‌ವಿ ಫೈಲಿನಲ್ಲಿ 10,000ದವರೆಗೆ ಒಟ್ಟಿಗೇ ಕಳಿಸಬಹುದು.

ಎಡವುವುದು 'ವಿಂಟೇಜ್', ಅಂದರೆ ಯಾವ ವರ್ಷದ ಗಡಿ ಬೇಕೆನ್ನುವ ಆಯ್ಕೆಯಲ್ಲಿ. ಜನ ಹೆಚ್ಚಾದ ಟ್ರ್ಯಾಕ್ಟನ್ನು ಹತ್ತು ವರ್ಷಕ್ಕೊಮ್ಮೆ ಒಡೆದು .01, .02 ಎಂದು ನಂಬರು ಕೊಡುತ್ತಾರೆ. ಬ್ಯೂರೋದ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯುನಿಟಿ ಸರ್ವೆಯ 2015–2019ರ ಕೋಷ್ಟಕ 2010ರ ಗಡಿಯದು. 2016–2020ರದ್ದು 2020ರ ಗಡಿಯದು. ಆರಿಸುವ ವಿಂಟೇಜ್ ಕೋಷ್ಟಕದ ಗಡಿಗೆ ಹೊಂದಬೇಕು. ಕನೆಕ್ಟಿಕಟ್‌ನಲ್ಲಂತೂ 2022ರ ಸರ್ವೆಯಿಂದ ಕೌಂಟಿಗಳ ಜಾಗಕ್ಕೆ ಪ್ಲಾನಿಂಗ್ ರೀಜನ್‌ಗಳು ಬಂದು ಕೌಂಟಿ ಕೋಡೇ ಬದಲಾಗಿದೆ.

ನಾನು ಬರೆದಿಡುವುದು 11 ಅಂಕಿಯ ಪೂರ್ತಿ ಕೋಡು: ರಾಜ್ಯ 2, ಕೌಂಟಿ 3, ಟ್ರ್ಯಾಕ್ಟ್ 6. ಕ್ಯಾಲಿಫೋರ್ನಿಯಾ 06, ಸಾಂಟಾ ಕ್ಲಾರಾ ಕೌಂಟಿ 085, ಟ್ರ್ಯಾಕ್ಟ್ 5001 ಅಂದರೆ 500100, ಸೇರಿಸಿದರೆ 06085500100. ಎಕ್ಸೆಲ್‌ನಲ್ಲಿ ಆ ಕಾಲಂ ಮೊದಲೇ 'ಟೆಕ್ಸ್ಟ್' ಮಾಡಿರದಿದ್ದರೆ ಮುಂದಿನ ಸೊನ್ನೆ ಹಾರಿಹೋಗಿ ಯಾವ ಕೋಷ್ಟಕಕ್ಕೂ ಜೋಡಣೆಯಾಗುವುದಿಲ್ಲ.

ಜನ ಬಾಯಲ್ಲಿ ಹೇಳುವ ಏರಿಯಾಗೂ ಟ್ರ್ಯಾಕ್ಟಿಗೂ ಗಡಿ ಒಂದೇ ಆಗುವುದು ಅಪರೂಪ. ಬ್ಯೂರೋದ ಆನ್‌ಲೈನ್ ಟೈಗರ್‌ವೆಬ್ ನಕ್ಷೆಯಲ್ಲಿ ಸುತ್ತಲಿನ ಟ್ರ್ಯಾಕ್ಟ್‌ಗಳನ್ನೂ ನೋಡಿ ಆರಿಸುತ್ತೇನೆ. ತಲೆ ಎಣಿಕೆಯನ್ನು ಕೂಡಿಸಬಹುದು. ಮೀಡಿಯನ್ (ನಟ್ಟನಡುವಿನ) ಆದಾಯವನ್ನು ಕೂಡಿಸಿ ಭಾಗಿಸಿದರೆ ಬರುವುದು ಏರಿಯಾದ ಮೀಡಿಯನ್ ಅಲ್ಲ. ಪಕ್ಕದ 'ಮಾರ್ಜಿನ್ ಆಫ್ ಎರರ್' (ಅಂದಾಜು ಎಷ್ಟು ಆಚೀಚೆ ಆಗಬಹುದೆಂಬ ಅಂಕಿ) ಕಾಲಂ ಬಿಡಬೇಡಿ, ಟ್ರ್ಯಾಕ್ಟ್ ಮಟ್ಟದಲ್ಲಿ ಅದು ಕೆಲವೊಮ್ಮೆ ಅಂದಾಜಿನಷ್ಟೇ ದೊಡ್ಡದಿರುತ್ತದೆ.

ಕನ್ನಡದ ಮನೆಗಳನ್ನು ಹುಡುಕುವವರಿಗೆ ಒಂದು ಮಾತು: ಅದೇ ಸರ್ವೆಯ, ಮನೆಮಾತು ತಿಳಿಸುವ ಟ್ರ್ಯಾಕ್ಟ್ ಮಟ್ಟದ ಸಿ16001 ಕೋಷ್ಟಕದಲ್ಲಿ ಕನ್ನಡ 'ಇತರ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪ ಭಾಷೆಗಳು' ಎಂಬ ಗುಂಪಿನೊಳಗೆ ಕರಗಿಹೋಗಿದೆ. ದೊಡ್ಡ ಪ್ರದೇಶಗಳ ಬಿ16001ರಲ್ಲೂ ತಮಿಳು, ತೆಲುಗಿಗೆ ಬೇರೆ ಬೇರೆ ಸಾಲಿದೆ. ಕನ್ನಡ ಮಾತ್ರ ಮಲಯಾಳಂ ಮತ್ತಿತರ ದ್ರಾವಿಡ ಭಾಷೆಗಳ ಜತೆ ಒಂದೇ ಸಾಲಿನಲ್ಲಿದೆ.